ಕೊಂದವನಿಗೂ ಬಹುವಚನವಾ? ಬ್ಲ್ಯಾಕ್ ಸ್ಟೋರೀಸ್ ಡಬ್ಬದ ಜೊತೆ ನಾಲ್ಕು ವರ್ಷ

ಬ್ಲ್ಯಾಕ್ ಸ್ಟೋರೀಸ್ ಎಂಬ ಈ ಒಗಟಿನ ಕಾರ್ಡಾಟದ ಡಬ್ಬ ಕೊಳ್ಳುವಾಗ ನನ್ನ ಆಸೆ ಇದ್ದದ್ದು ಇಷ್ಟೇ. ಶನಿವಾರ ರಾತ್ರಿ ಊಟ ಆದ ಮೇಲೆ ಮನೆಯವರೆಲ್ಲ ಒಂದೊಂದು ಫೋನ್ ಹಿಡಿದು ಒಂದೊಂದು ಮೂಲೆ ಸೇರಬಾರದು. ಕನ್ನಡ ವ್ಯಾಕರಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರ ಕೈಯಲ್ಲಿ ಕಾರ್ಡು. ಅದರ ಮುಂಭಾಗದಲ್ಲಿ ಒಂದು ಸಾವಿನ ಸುದ್ದಿ, ಒಂದೆರಡು ಸಾಲು. ಹಿಂಭಾಗದಲ್ಲಿ ನಡೆದದ್ದು ಏನು ಎಂಬ ಪೂರ್ತಿ ಕಥೆ. ಉಳಿದವರು ಹೌದು, ಇಲ್ಲ ಎಂದಷ್ಟೇ ಉತ್ತರ ಬರುವ ಪ್ರಶ್ನೆ ಕೇಳುತ್ತಾ ಆ ಕಥೆ ಬಿಡಿಸಬೇಕು. ಜರ್ಮನಿಯ ಮೋಸಸ್ ಪ್ರಕಾಶನದವರು 2004ರಲ್ಲಿ ತಂದ ಆಟ ಇದು. ಕಥೆ ಕಟ್ಟಿದವರು ಹೋಲ್ಗರ್ ಬ್ಯೋಷ್. ಆಮೇಲೆ ಇದೇ ಹೆಸರಲ್ಲಿ ಎಷ್ಟೋ ಡಬ್ಬಗಳು ಬಂದಿವೆ. ನನ್ನ ಹತ್ತಿರ ಇರುವುದು ಮೊದಲನೆಯದರ ಇಂಗ್ಲಿಷ್ ಡಬ್ಬ. ತರಿಸಿದ್ದು ಆನ್‌ಲೈನ್ ಅಂಗಡಿಯೊಂದರಿಂದ. ಬಂದಾಗ ಒಂದು ಮೂಲೆ ಅಪ್ಪಚ್ಚಿಯಾಗಿತ್ತು. ವಾಪಸ್ ಕಳಿಸುವ ತಾಪತ್ರಯಕ್ಕಿಂತ ಸೆಲ್ಲೋಟೇಪ್ ವಾಸಿ ಅನ್ನಿಸಿತು.

ಡಬ್ಬದ ಮೇಲೆ ಒಂದು ಪಟ್ಟಿ ಇದೆ. 50 ಕಥೆ, 31 ಅಪರಾಧ, 49 ಹೆಣ, 11 ಕೊಲೆ, 12 ಆತ್ಮಹತ್ಯೆ, ಜೊತೆಗೆ ಪ್ರಾಣ ತೆಗೆಯುವ ಒಂದು ಊಟ. ಇದನ್ನು ಓದಿ ಹೇಳಿದಾಗ ಅಮ್ಮ ಎಲೆ ಅಡಿಕೆ ಮಡಚುವುದನ್ನು ನಿಲ್ಲಿಸಿದಳು. "ಕೊಲೆ ಹನ್ನೊಂದು, ನೇಣು ವಿಷ ಹನ್ನೆರಡು. ಇನ್ನು ಮಿಕ್ಕ ಇಪ್ಪತ್ತಾರು ಹೆಣ ಹೆಂಗಾದ್ವು?" ನಾನು ದುಡ್ಡು ಕೊಟ್ಟಾಗಿತ್ತು, ಈ ಲೆಕ್ಕ ನನಗೇ ಹೊಳೆದಿರಲಿಲ್ಲ. ಈ ಆಟದಲ್ಲಿ ಎಲ್ಲರೂ ಮುಗ್ಗರಿಸುವುದೂ ಅಲ್ಲೇ. ಹೆಣ ಅಂದ ಕೂಡಲೇ ಕೊಂದವರು ಯಾರು ಅಂತ ಹುಡುಕಲು ಹೊರಡುತ್ತೇವೆ. ಕೊಂದಿದ್ದಾರಾ ಅಂತ ಮೊದಲು ಕೇಳುವುದೇ ಇಲ್ಲ.

ಆ 12 ಕಾರ್ಡುಗಳ ವಿಷಯ ಹೇಳಿಬಿಡುತ್ತೇನೆ. ಡಬ್ಬದ ಮೇಲೆ 12 ವರ್ಷ ದಾಟಿದವರಿಗೆ ಎಂದಿದೆ. ಮಗಳಿಗೆ ಆಗ ಇನ್ನೂ ಹತ್ತು. ಹಾಗಾಗಿ ಆತ್ಮಹತ್ಯೆಯ ಕಾರ್ಡುಗಳನ್ನೆಲ್ಲ ಬೇರೆ ತೆಗೆದು ರಬ್ಬರ್ ಬ್ಯಾಂಡ್ ಹಾಕಿ ಬೀರುವಿನಲ್ಲಿ ಇಟ್ಟೆ. ಮಕ್ಕಳಿರುವ ಮನೆಯವರು ಹೀಗೇ ಮಾಡಿದರೆ ಒಳ್ಳೆಯದು.

ಇನ್ನು ನಮ್ಮ ಶನಿವಾರದ ಕ್ರಮ. ಒಂಬತ್ತು ಗಂಟೆಗೆ ಊಟ ಮುಗಿಯುತ್ತದೆ. ಹೆಂಡತಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಾಳೆ. ಹೊಟ್ಟೆ ತುಂಬಿದ್ದರೂ ಅದು ಖಾಲಿಯಾಗುತ್ತದೆ, ಹೇಗೋ ಗೊತ್ತಿಲ್ಲ. ಕಾರ್ಡು ಹಿಡಿದವರು ಗೋಡೆಗೆ ಒರಗಿಯೇ ಕೂರಬೇಕು. ಉತ್ತರ ಕಾರ್ಡಿನ ಬೆನ್ನಿಗೇ ಇರುವುದರಿಂದ, ಹಿಂದೆ ಯಾರಾದರೂ ನೀರು ಕುಡಿಯಲು ಎದ್ದು ಹೋದರೆ ಕಥೆ ಮುಗಿಯಿತು. ಓದಿದ ಕಾರ್ಡು ಅಮ್ಮನ ಎಲೆ ಅಡಿಕೆ ತಟ್ಟೆಯ ಕೆಳಗೆ ಹೋಗುತ್ತದೆ. ಈಗ ಆಡಿದ ಕಾರ್ಡುಗಳ ಅಂಚಿಗೆಲ್ಲ ಸುಣ್ಣದ ಗುರುತು ಇದೆ. ಯಾವುದು ಆಡಿ ಆಯಿತು, ಯಾವುದು ಇಲ್ಲ ಅಂತ ಅದರಿಂದಲೇ ಗೊತ್ತಾಗುತ್ತದೆ.

ಮೊದಲ ವಾರ ನಡೆದದ್ದು ಹೀಗೆ. ನಾನು ಕಾರ್ಡಿನ ಸಾಲನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಕೇಳಿದಳು, "ಯಾಕೆ ಸತ್ತ ಪಾಪ?"

"ಹಾಗೆ ಕೇಳೋ ಹಾಗಿಲ್ಲ ಅಮ್ಮ. ಹೌದು, ಇಲ್ಲ ಅನ್ನೋ ಹಾಗೆ ಕೇಳು."

"ಸರಿ. ಯಾವ ಊರಲ್ಲಿ?"

"ಅದೂ ಆಗಲ್ಲ."

"ನಿಂಗೆ ಗೊತ್ತಿದೆ ತಾನೆ? ಹೇಳಿಬಿಡು ಮತ್ತೆ, ಎಲ್ಲರೂ ಮಲಗೋಣ."

ಮೂರನೇ ವಾರದ ಹೊತ್ತಿಗೆ ಅವಳೇ ಎಲ್ಲರಿಗಿಂತ ಚುರುಕು. ನನ್ನ ಭಾಮೈದ ಎಂಜಿನಿಯರು, ಅವನದು ಲೆಕ್ಕಾಚಾರ. ಪ್ರತಿ ಪ್ರಶ್ನೆಯೂ ಉಳಿದ ದಾರಿಗಳಲ್ಲಿ ಅರ್ಧವನ್ನು ಮುಚ್ಚುವ ಹಾಗಿದ್ದರೆ 20 ಪ್ರಶ್ನೆಯಲ್ಲಿ 10,48,576 ಸಾಧ್ಯತೆಗಳಲ್ಲಿ ಒಂದನ್ನು ಹಿಡಿಯಬಹುದಂತೆ. ಲೆಕ್ಕ ಸರಿಯೇ. ಆದರೆ ಅವನು "ಘಟನೆ ಮನೆಯೊಳಗೆ ನಡೆದದ್ದಾ?" "ಹಗಲು ಹೊತ್ತಾ?" ಎಂದು ಕ್ರಮವಾಗಿ ಕೇಳುತ್ತಾ ಇರುವಾಗ ಅಮ್ಮ "ಅವನಿಗೆ ಕಣ್ಣು ಕಾಣ್ತಿತ್ತಾ?" ಎಂದು ಕೇಳಿ ಅರ್ಧ ಕಥೆ ಎಳೆದು ಹಾಕಿರುತ್ತಾಳೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಡಬ್ಬದ ಮೇಲೆ ಅಲ್ಲ, ನನ್ನ ನಾಲಿಗೆ ಮೇಲೆ.

ಕಾರ್ಡು ಇಂಗ್ಲಿಷಿನಲ್ಲಿ ಇದೆ, ನಾವು ಕನ್ನಡದಲ್ಲಿ ಆಡುತ್ತೇವೆ. ಆಡುತ್ತಾ ಆಡುತ್ತಾ ಗೊತ್ತಾಯಿತು, ಕನ್ನಡಕ್ಕೆ ಗುಟ್ಟು ಕಾಪಾಡಲು ಬರುವುದಿಲ್ಲ. ಡಬ್ಬದ ಕಥೆ ಹೇಳಿ ನಿಮ್ಮ ಆಟ ಕೆಡಿಸುವುದಿಲ್ಲ. ಎಲ್ಲರಿಗೂ ಗೊತ್ತಿರುವ ಹಳೇ ಒಗಟನ್ನೇ ತೆಗೆದುಕೊಳ್ಳಿ. ರೋಮಿಯೋ, ಜೂಲಿಯೆಟ್ ನೆಲದ ಮೇಲೆ ಸತ್ತು ಬಿದ್ದಿರುವುದು, ಸುತ್ತ ಗಾಜಿನ ಚೂರು, ನೀರು. ಎರಡೂ ಮೀನು, ಬೆಕ್ಕು ಮೀನಿನ ಗಾಜಿನ ತೊಟ್ಟಿ ಬೀಳಿಸಿದೆ. ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ ಮನುಷ್ಯರಿಗೂ ಆಗುತ್ತದೆ, ಮೀನಿಗೂ ಆಗುತ್ತದೆ. ಕನ್ನಡದಲ್ಲಿ "ಸತ್ತು ಬಿದ್ದಿದ್ದಾರೆ" ಅಂದರೆ ಸುಳ್ಳು. "ಸತ್ತು ಬಿದ್ದಿವೆ" ಅಂದರೆ ಒಗಟೇ ಉಳಿಯುವುದಿಲ್ಲ. ನಾನು "ಸತ್ತು ಬಿದ್ದಿ..." ಅಂತ ಅರ್ಧಕ್ಕೆ ನುಂಗಿದೆ. ಮಗಳು ತಕ್ಷಣ, "ಅಪ್ಪ, ಪ್ರಾಣಿನಾ?" ಎಂದಳು. ಒಂದೇ ಪ್ರಶ್ನೆಗೆ ಆಟ ಖತಂ. ಮಂಡಕ್ಕಿ ಇನ್ನೂ ಬಾಣಲೆಯಲ್ಲೇ ಇತ್ತು.

ಗಂಡಸಾ ಹೆಂಗಸಾ ಎಂಬುದನ್ನು ಮುಚ್ಚಿಡುವ ಒಗಟುಗಳದ್ದೂ ಇದೇ ಪಾಡು. ಸತ್ತವರದ್ದು ಪರವಾಗಿಲ್ಲ. "ಹೆಣ ಸಿಕ್ಕಿದೆ" ಅಂದರೆ ಆಯಿತು, ಹೆಣ ಅವನೂ ಅಲ್ಲ, ಅವಳೂ ಅಲ್ಲ. ಕೊಂದವರದ್ದೇ ಕಷ್ಟ. "ಕೊಂದವನು" ಅಂದರೆ ಉತ್ತರ ಬಿಟ್ಟುಕೊಟ್ಟ ಹಾಗೆ. ಅದಕ್ಕೆ "ಕೊಂದವರು" ಎನ್ನಲು ಶುರು ಮಾಡಿದೆ. ಅಮ್ಮನಿಗೆ ಸಿಟ್ಟು ಬಂತು. "ಕೊಲೆ ಮಾಡಿದ ಬೇವರ್ಸಿಗೆ ಬಹುವಚನ ಬೇರೆ! ನನ್ನ ತಮ್ಮನ ಮದುವೆಗೆ ಬಂದಾಗ ಬೀಗರಿಗೆ ಇಷ್ಟು ಮರ್ಯಾದೆ ಕೊಟ್ಟಿದ್ಯಾ ನೀನು?"

ಅದೇ ಬಹುವಚನ ಒಂದು ಕಡೆ ಕೈ ಹಿಡಿಯಿತು. ಅಪಘಾತದಲ್ಲಿ ಅಪ್ಪ ಸಾಯುತ್ತಾನೆ, ಮಗನನ್ನು ಆಸ್ಪತ್ರೆಗೆ ತರುತ್ತಾರೆ, ಆಪರೇಷನ್ ಮಾಡಬೇಕಾದ ಡಾಕ್ಟರು "ನನ್ನ ಕೈಲಿ ಆಗಲ್ಲ, ಇವನು ನನ್ನ ಮಗ" ಅನ್ನುತ್ತಾರಲ್ಲ, ಆ ಒಗಟು. ನಾವು ಡಾಕ್ಟರಿಗೆ ಹೇಗೂ "ಹೇಳಿದರು" ಎಂದೇ ಅನ್ನುವುದು. ಗುಟ್ಟು ಗಟ್ಟಿಯಾಗಿ ಕೂತಿತು ಅಂತ ನಾನು ಬೀಗಿದೆ. ಅಮ್ಮ ತಟ್ಟೆಯಿಂದ ಕಣ್ಣೂ ಎತ್ತಲಿಲ್ಲ. "ತಾಯಿ ಇರ್ಬೇಕು. ನನ್ನ ಎರಡು ಹೆರಿಗೆ ಮಾಡ್ಸಿದ್ದೂ ಲೇಡಿ ಡಾಕ್ಟ್ರೇ." ಬೇರೆ ದೇಶದಲ್ಲಿ ದೊಡ್ಡ ದೊಡ್ಡವರು ತಲೆ ಕೆರೆದುಕೊಂಡ ಒಗಟು ನಮ್ಮ ಮನೆಯಲ್ಲಿ ಅಡಿಕೆ ಹೋಳಾಗುವುದರೊಳಗೆ ಮುಗಿಯಿತು.

ಉತ್ತರ ಕೊಡುವುದೂ ಸುಲಭ ಇಲ್ಲ. ಇಂಗ್ಲಿಷಿನವರಿಗೆ "ನೋ" ಅನ್ನುವ ಒಂದೇ ಪದ ಸಾಕು. ನಮಗೆ ಇಲ್ಲ ಬೇರೆ, ಅಲ್ಲ ಬೇರೆ. "ಹೆಂಡತಿ ಕೊಂದಳಾ?" ಅಂತ ಕೇಳಿದರೆ "ಇಲ್ಲ" ಅನ್ನಬಹುದು, ತೊಂದರೆಯಿಲ್ಲ. "ಕೊಂದಿದ್ದು ಹೆಂಡತಿನಾ?" ಅಂತ ಕೇಳಿದರೆ? "ಅಲ್ಲ" ಅಂದರೆ ಬೇರೆ ಯಾರೋ ಕೊಂದಿದ್ದಾರೆ ಅಂತ ಆಗುತ್ತದೆ. ಯಾರೂ ಕೊಂದೇ ಇಲ್ಲದಿದ್ದರೆ ನಾನು ಏನು ಹೇಳಬೇಕು? ಪ್ರಶ್ನೆಯೊಳಗೇ ತಪ್ಪು ಊಹೆ ಇದ್ದರೆ ಅದನ್ನು ಹೇಳಬಹುದು. ಆದರೆ ನಾನು "ಅ..." ಅಂತ ತಡೆದ ಒಂದು ಕ್ಷಣ ಸಾಕು, ಮಗಳಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಅವಳು ಈಗ ಬೇಕೆಂದೇ ಹಾಗೆ ಕೇಳುತ್ತಾಳೆ. ಉತ್ತರ ಕೇಳುವುದಿಲ್ಲ, ನನ್ನ ಮುಖ ನೋಡುತ್ತಾಳೆ.

ಎಲ್ಲಕ್ಕಿಂತ ದೊಡ್ಡ ಜಗಳ ಆಗಿದ್ದು "ಇರಲಿಲ್ವಾ" ಇಂದ. ಭಾಮೈದ ಕೇಳಿದ, "ಅವತ್ತು ಮನೇಲಿ ಬೇರೆ ಯಾರೂ ಇರಲಿಲ್ವಾ ಭಾವ?" ನಾನು "ಹೌದು" ಅಂದೆ. ಹೌದು, ಇರಲಿಲ್ಲ ಅಂತ ನನ್ನ ಅರ್ಥ. ಹೌದು, ಇದ್ದರು ಅಂತ ಅವನು ತಿಳಿದ. ಮುಕ್ಕಾಲು ಗಂಟೆ ಇಲ್ಲದ ಮನುಷ್ಯನನ್ನು ಹುಡುಕಿದರು. ಕೊನೆಗೆ ಉತ್ತರ ಓದಿದಾಗ ಭಾಮೈದ ಮಾತು ಬಿಟ್ಟ. ಎರಡು ವಾರ ಬರಲೂ ಇಲ್ಲ. ಆಮೇಲಿಂದ ಮನೆಯಲ್ಲಿ ಕಾನೂನು: ಇಲ್ವಾ, ಅಲ್ವಾ, ತಾನೆ ಅಂತ ಪ್ರಶ್ನೆ ಮುಗಿಸಿದರೆ ಹತ್ತು ರೂಪಾಯಿ ದಂಡ. ಹಾರ್ಲಿಕ್ಸ್ ಬಾಟಲಿ ತುಂಬಿದೆ. ಅರ್ಧ ದುಡ್ಡು ಅಮ್ಮನದು. ಅಲ್ವಾ ಅನ್ನದೆ ಮಾತು ಮುಗಿಸಲು ಅವಳಿಗೆ ಬರುವುದೇ ಇಲ್ಲ.

ಎರಡನೇ ವರ್ಷದ ಹೊತ್ತಿಗೆ ಉತ್ಸಾಹ ಇಳಿಯಿತು ಅನ್ನಬೇಕು. ಒಂದು ಕಾರ್ಡು ಒಮ್ಮೆ ಬಿಡಿಸಿದರೆ ಆ ಮನೆಯವರಿಗೆ ಮುಗಿಯಿತು. ಚದುರಂಗವೋ ಚೌಕಾಬಾರವೋ ಆದರೆ ಜೀವಮಾನ ಆಡಬಹುದು. ಇದು ಪಟಾಕಿ ಇದ್ದ ಹಾಗೆ. ಬಂದ ನೆಂಟರ ಮೇಲೆ ಪ್ರಯೋಗ ಮಾಡಿದೆವು. ಅದರಲ್ಲೂ ಒಬ್ಬರು ಉತ್ತರವನ್ನೆಲ್ಲ ಮೊದಲೇ ಎಲ್ಲೋ ಓದಿಕೊಂಡು ಬಂದು, ಏನೂ ಗೊತ್ತಿಲ್ಲದವರ ಹಾಗೆ ಮೂರೇ ಪ್ರಶ್ನೆಗೆ ಬಿಡಿಸಿ, ಮಕ್ಕಳ ಎದುರು ಮೆರೆದರು. ಅಂಥವರಿಗೆ ಏನು ಹೇಳುವುದು.

ಮಧ್ಯೆ ಫೋನಿನ ಒಂದು ಆ್ಯಪ್ ಕೂಡ ಹಾಕಿಕೊಂಡು ನೋಡಿದೆ. ಯಂತ್ರವೇ ಕಥೆ ಹೇಳುತ್ತದೆ, ಕನ್ನಡದಲ್ಲೇ ಕೇಳಬಹುದು ಅಂತ ಇತ್ತು. ಈ ಆಟಕ್ಕೆ ಚೀನಾ, ಜಪಾನಿನಲ್ಲಿ ಆಮೆ ಸೂಪ್ ಅಂತ ಹೆಸರಿದೆ, ಹೋಟೆಲಿನಲ್ಲಿ ಸೂಪ್ ಕುಡಿದವನ ಹಳೇ ಒಗಟಿನಿಂದ ಬಂದದ್ದು. ಅಲ್ಲಿ ಇದರ ಹುಚ್ಚು ಜಾಸ್ತಿ, ಹಾಗಾಗಿ ಫೋನಿಗೂ ಬಂದಿದೆ. ನಾನು ಹಾಕಿಕೊಂಡದ್ದಕ್ಕೆ ನಮ್ಮ ಮನೆಯ ದಂಡದ ಕಾನೂನು ಗೊತ್ತಿರಲಿಲ್ಲ. "ಇರಲಿಲ್ವಾ" ಅಂದರೆ ಒಮ್ಮೆ ಹೌದು ಅಂತು, ಅದೇ ಪ್ರಶ್ನೆಗೆ ಇನ್ನೊಮ್ಮೆ ಇಲ್ಲ ಅಂತು. ಒಂದು ತಿಂಗಳಲ್ಲಿ ತೆಗೆದು ಹಾಕಿದೆ. ಅದಕ್ಕೆ ಮುಖವೂ ಇಲ್ಲವಲ್ಲ, ಮಗಳು ಏನು ನೋಡುತ್ತಾಳೆ?

ಡಬ್ಬ ಅಟ್ಟಕ್ಕೆ ಹೋಗುವುದರಲ್ಲಿತ್ತು. ಉಳಿಸಿದ್ದು ಒಂದು ಹಳೇ ಒಗಟು. ಮನೆಯೊಳಗೆ ಹೆಣ, ಬಾಗಿಲ ಹೊರಗೆ ಹಲವು ದಿನದ ಹಾಲು, ಒಂದೇ ಒಂದು ದಿನದ ಪೇಪರ್. ಕೊಂದವರು ಯಾರು? ಪೇಪರ್ ಹಾಕುವವನು. ಓದುವವರು ಇಲ್ಲ ಅಂತ ಅವನಿಗೆ ಮಾತ್ರ ಗೊತ್ತಿತ್ತು, ಮಾರನೇ ದಿನದಿಂದ ಹಾಕಲಿಲ್ಲ. ನಾನು ಹತ್ತು ಪ್ಯಾಕೆಟ್ ಹಾಲು ಅಂತ ಹೇಳಿದೆ. ಅಮ್ಮ ಒಪ್ಪಲೇ ಇಲ್ಲ.

"ಹತ್ತು ಪ್ಯಾಕೆಟ್ ಆಗೋವರೆಗೂ ಹಾಲಿನೋನು ಸುಮ್ನೆ ಇರ್ತಾನಾ? ಎರಡನೇ ದಿನಾನೇ ಬೆಲ್ ಮಾಡ್ತಾನೆ. ಎದುರು ಮನೆಯೋಳು ವಾಸನೆ ಹಿಡಿದು ಬರ್ತಾಳೆ. ನಿನ್ನ ಕಥೆ ಸುಳ್ಳು."

"ಹಂಗಾದ್ರೆ ನೀನೇ ಸರಿ ಮಾಡಜ್ಜಿ" ಎಂದಳು ಮಗಳು.

ಮಾಡಿದಳು. ಹಾಲು ಎರಡು ದಿನದ್ದು ಮಾತ್ರ. ಬಾಗಿಲ ಮುಂದೆ ಹಾಲಿನ ಚೀಲ ನೇತು ಹಾಕಿದೆ, ಅದರಲ್ಲಿ ಹಾಲಿಗೆ ಮುಂಗಡ ಕೊಂಡ ಕೂಪನ್ ಇಲ್ಲ. ಕೂಪನ್ ಇಲ್ಲದೆ ಹಾಲು ಹಾಕುವವನು ಯಾಕೆ ಹಾಕಿದ? ಪ್ರಶ್ನೆ ಕೇಳಿ ಕೇಳಿ ಬಿಡಿಸಲು ನಮಗೆ ಒಂದೂವರೆ ಗಂಟೆ ಹಿಡಿಯಿತು. ಉತ್ತರ ಇಲ್ಲಿ ಬರೆಯುವುದಿಲ್ಲ, ಅದು ಅಮ್ಮನ ಸ್ವತ್ತು.

ಅಲ್ಲಿಂದ ನಮ್ಮ ಮನೆಯ ಕಾರ್ಡುಗಳು ಶುರುವಾದವು. ಹಳೇ ಮದುವೆ ಕಾಗದದ ಬೆನ್ನು ಕತ್ತರಿಸಿ ಬರೆಯುತ್ತೇವೆ. ಇಪ್ಪತ್ತೆರಡು ಆಗಿವೆ, ಅದೇ ಡಬ್ಬದಲ್ಲಿ ಇಟ್ಟಿದ್ದೇವೆ. ಕನ್ನಡದಲ್ಲಿ ಯೋಚಿಸಿ ಬರೆದರೆ ಕ್ರಿಯಾಪದದ ಕಾಟ ಅರ್ಧ ಕಡಿಮೆ. ಉಳಿದ ಅರ್ಧಕ್ಕೆ ಮಗಳು ದಾರಿ ಹುಡುಕಿದ್ದಾಳೆ. ಪೇಪರಿನ ತಲೆಬರಹದ ಹಾಗೆ ಹೇಳುವುದು. "ನೆಲದಲ್ಲಿ ಗಾಜು, ನೀರು, ರೋಮಿಯೋ, ಜೂಲಿಯೆಟ್ ಸಾವು." ಕ್ರಿಯಾಪದವೇ ಇಲ್ಲ. ಮೀನೋ ಮನುಷ್ಯರೋ, ಕೇಳಿಕೊಳ್ಳಿ.

ಕೊಳ್ಳಬಹುದಾ ಅಂತ ಕೇಳುವವರಿಗೆ: ಮನೆಯಲ್ಲಿ ನಾಲ್ಕು ಜನ ಇದ್ದು, ಅದರಲ್ಲಿ ಒಬ್ಬರಿಗಾದರೂ ವಾದ ಮಾಡುವ ಚಟ ಇದ್ದರೆ ಕೊಳ್ಳಿ. ಇಬ್ಬರೇ ಇದ್ದರೆ ಬೇಡ, ಒಬ್ಬರು ಕೇಳಿ ಒಬ್ಬರು ಹೇಳಿ ಅದು ಪೊಲೀಸ್ ಠಾಣೆ ಆಗುತ್ತದೆ. ನಾನು ಕೊಟ್ಟದ್ದು ಹೋಟೆಲಿನಲ್ಲಿ ನಾಲ್ಕು ಜನ ಒಮ್ಮೆ ಊಟ ಮಾಡಿದಷ್ಟು ದುಡ್ಡು. ಎರಡನೇ ಡಬ್ಬ ತರಿಸಲಿಲ್ಲ, ತರಿಸುವ ಯೋಚನೆಯೂ ಇಲ್ಲ. ನಾಲ್ಕು ಸ್ಟಾರ್.

ಬೀರುವಿನಲ್ಲಿ ಇಟ್ಟವನ್ನು ಬಿಟ್ಟರೆ ಸುಣ್ಣದ ಗುರುತಿಲ್ಲದ ಕಾರ್ಡು ಇನ್ನೊಂದೇ ಒಂದು ಇದೆ. ನಾಲ್ಕು ವರ್ಷದಿಂದ ನಾನು ಅದನ್ನು ತೆಗೆದು ನೋಡುತ್ತೇನೆ, ಕನ್ನಡದಲ್ಲಿ ಮೊದಲ ಸಾಲು ಹೇಳಲು ಬಾಯಿ ತೆರೆಯುತ್ತೇನೆ, ವಾಪಸ್ ಇಡುತ್ತೇನೆ. ಈ ಶನಿವಾರ ಮಗಳು ನೋಡುತ್ತಾಳಂತೆ. ಅಮ್ಮ ಆಗಲೇ ಹತ್ತು ರೂಪಾಯಿ ಚಿಲ್ಲರೆ ಮಾಡಿಸಿ ಇಟ್ಟುಕೊಂಡಿದ್ದಾಳೆ.