ಮೈಲೇಜ್ ಚೆನ್ನಾಗಿದೆ, ಪೆಟ್ರೋಲ್ ದೀಪವನ್ನು ಮಾತ್ರ ನಂಬುವ ಹಾಗಿಲ್ಲ

350 ಸಿಸಿ, 13 ಲೀಟರ್ ಟ್ಯಾಂಕ್, 2021ರಲ್ಲಿ ತಗೊಂಡ ಬಿಎಸ್6 (ಹೊಗೆ ಮಿತಿಯ ನಿಯಮ) ಬೈಕ್. ಇಷ್ಟು ಸಾಕು, ಉಳಿದ ಅಂಕಿಗಳನ್ನು ಎಲ್ಲರೂ ನೋಡಿರುತ್ತೀರಿ. ಕಂಪನಿ ಹೆಸರು ಬೇಡ. ನಾನು ಹೇಳುವ ತೊಂದರೆ ಈ ತರಹದ ಬೇರೆ ಗಾಡಿಗಳಲ್ಲೂ ಇದೆ. ಬರೆಯಲು ಕೂತಿರುವುದು ಒಂದೇ ಕಾರಣಕ್ಕೆ: ಪೆಟ್ರೋಲ್ ಕಡಿಮೆಯಾಯಿತು ಅಂತ ಹೇಳುವ ಆ ಹಳದಿ ದೀಪ. ಬಯಲುಸೀಮೆಯಲ್ಲಿ ಓಡಿಸುವವರಿಗೆ ಇದು ದೊಡ್ಡ ವಿಷಯವೇ ಅಲ್ಲ. ಮಲೆನಾಡಿನಲ್ಲಿ ಓಡಿಸುವವರಿಗೆ ಇದೇ ದೊಡ್ಡ ವಿಷಯ.

ನನ್ನ ಓಡಾಟ ಎಂಥದ್ದು ಅಂತ ಮೊದಲು ಹೇಳುತ್ತೇನೆ. ಮನೆ ಚಿಕ್ಕಮಗಳೂರು. ಕೆಲಸ ಕಾಫಿ ತೋಟಗಳಲ್ಲಿ ಪಂಪ್‌ಸೆಟ್ ಮತ್ತು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ. ಕೊಯ್ಲಿನ ಕಾಲದಲ್ಲಿ ಪಲ್ಪರ್ ನಿಂತರೆ ಕೊಯ್ದ ಹಣ್ಣು ಹಾಗೇ ರಾಶಿ ಬೀಳುತ್ತದೆ. ಫೋನ್ ಬಂದರೆ ಹೊತ್ತು ನೋಡದೆ ಹೊರಡಬೇಕು. ಕಾಫಿ ಹೂವರಳಿಸುವ ಹೂಮಳೆ ತಡವಾದ ವರ್ಷ ಸ್ಪ್ರಿಂಕ್ಲರ್ ಮೋಟರ್‌ಗಳ ಹಿಂದೆ ಓಡಾಟ. ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ, ಕೆಲವೊಮ್ಮೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಉಜಿರೆ ಕಡೆಯ ಅಡಿಕೆ ತೋಟಗಳವರೆಗೂ ಹೋಗುತ್ತೇನೆ. ಬಿಡಿಭಾಗ ಬೇಕಾದರೆ ಬೇಲೂರು ಮೇಲೆ ಹಾಸನ. ಹಿಂದಿನ ಸೀಟಿನಲ್ಲಿ ಟೂಲ್ ಬಾಕ್ಸ್ ಯಾವಾಗಲೂ ಕಟ್ಟಿರುತ್ತದೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದೆ, ಅದನ್ನು ಯಾರೂ ಕೊಡುವುದಿಲ್ಲ, ನನ್ನ ಜೇಬಿಂದಲೇ ಹೋಗಬೇಕು.

ಬೆಳಿಗ್ಗೆ ಕೀ ತಿರುಗಿಸಿ ಆ ಎರಡು ಸೆಕೆಂಡ್ ಕಾಯುವುದು ನನಗೆ ಇವತ್ತಿಗೂ ಇಷ್ಟ. ಟ್ಯಾಂಕ್ ಒಳಗಿನ ಪಂಪ್ ಗುಂಯ್ ಅಂತ ಒಂದು ಸಲ ಸದ್ದು ಮಾಡಿ ನಿಲ್ಲುತ್ತದೆ. ಅದು ನಿಂತ ಮೇಲೆಯೇ ಸೆಲ್ಫ್ ಒತ್ತುತ್ತೇನೆ. ಅಷ್ಟರಲ್ಲಿ ಮೀಟರ್‌ನ ದೀಪಗಳನ್ನು ನೋಡಿಕೊಳ್ಳುತ್ತೇನೆ. ಎಂಜಿನ್ ಚಿತ್ರದ ಹಳದಿ ದೀಪ ಹತ್ತಿರಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ದೀಪ ಹತ್ತೇ ಇರುತ್ತದೆ, ಗಾಡಿ ಹೊರಟು ಸ್ವಲ್ಪ ವೇಗ ಬಂದ ಮೇಲೆ ಆರುತ್ತದೆ. ನಮ್ಮ ಬೀದಿಯ ತಿರುವು ಮುಗಿಯುವಷ್ಟರಲ್ಲಿ ಅದು ಆರಿದ್ದು ಕಂಡರೆ ಏನೋ ಸಮಾಧಾನ. ಡಿಸೆಂಬರ್ ಚಳಿಯಲ್ಲೂ ಚೋಕ್ ಎಳೆಯುವ ಗೋಳಿಲ್ಲ.

ಹಳೆ ಗಾಡಿ ಕೊಳ್ಳುವವರು ಇದನ್ನು ನೆನಪಿಡಿ. ಕೀ ಹಾಕಿದಾಗ ಎಂಜಿನ್ ದೀಪ ಹತ್ತಲೇ ಇಲ್ಲ ಅಂದರೆ ಅದು ಒಳ್ಳೆಯ ಸುದ್ದಿ ಅಲ್ಲ. ದೀಪವೇ ಸತ್ತಿರಬಹುದು, ಅಥವಾ ಏನೋ ದೋಷ ಮುಚ್ಚಲು ಯಾರಾದರೂ ಅದನ್ನು ತೆಗೆಸಿರಬಹುದು.

ಬಣ್ಣಗಳ ಅರ್ಥ ಸುಲಭ. ಕೆಂಪು ಅಂದರೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಆಯಿಲ್ ದೀಪ ಅಂಥದ್ದು. ಹಳದಿ ಅಂದರೆ ಬೇಗ ತೋರಿಸಬೇಕು. ಎಂಜಿನ್ ದೀಪ ಮಿಣಮಿಣ ಅನ್ನುತ್ತಾ ಗಾಡಿ ಮಿಸ್ ಹೊಡೆಯುತ್ತಿದ್ದರೆ ಹಾಗೇ ಓಡಿಸಬಾರದು. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಅಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ, ಗೇರಿನಲ್ಲಿ ಹಿಂದಿನ ಚಕ್ರ ತಿರುಗಿಸಿ ನೋಡಿದ ಮೇಲೆ ಎಬಿಎಸ್ ದೀಪ ಹತ್ತಿದರೆ ಮಾತ್ರ ಗಾಬರಿ ಬೇಡ. ಮುಂದಿನ ಚಕ್ರ ನಿಂತು ಹಿಂದಿನದು ತಿರುಗಿದ್ದಕ್ಕೆ ಅದಕ್ಕೆ ಗೊಂದಲ ಆಗಿರುತ್ತದೆ. ಕೀ ಆಫ್ ಮಾಡಿ, ಮತ್ತೆ ಆನ್ ಮಾಡಿ ಓಡಿಸಿದರೆ ಸರಿಹೋಗುತ್ತದೆ.

ಈ ದೀಪಗಳೆಲ್ಲ ತಮ್ಮ ಕೆಲಸ ಸರಿಯಾಗಿ ಮಾಡುತ್ತವೆ. ಪೆಟ್ರೋಲ್ ದೀಪದ ಕಥೆಯೇ ಬೇರೆ.

ಕೊಟ್ಟಿಗೆಹಾರದ ಕಡೆಗೆ ಏರು ಹತ್ತುವಾಗ ದೀಪ ಹತ್ತುತ್ತದೆ. ಸ್ವಲ್ಪ ಮುಂದೆ ಇಳಿಜಾರು ಬಂದರೆ ಆರುತ್ತದೆ. ಮೀಟರಿನಲ್ಲಿ ಪೆಟ್ರೋಲ್ ಮಟ್ಟ ತೋರಿಸುವ ಪಟ್ಟಿಗಳಲ್ಲಿ ಒಂದು ವಾಪಸ್ ಬರುತ್ತದೆ. ಇನ್ನೊಂದು ಏರು, ಮತ್ತೆ ದೀಪ. ಕಾರಣ ಗುಟ್ಟೇನಲ್ಲ. ಟ್ಯಾಂಕ್ ಒಳಗೆ ಒಂದು ತೇಲುವ ಬುರುಡೆ, ಅದಕ್ಕೊಂದು ಕಡ್ಡಿ. ಪೆಟ್ರೋಲ್ ಇಳಿದಂತೆ ಬುರುಡೆ ಇಳಿಯುತ್ತದೆ, ಮೀಟರ್ ಅದನ್ನು ಓದುತ್ತದೆ. ಬೈಕ್ ಟ್ಯಾಂಕ್ ಮಧ್ಯದಲ್ಲಿ ಚಾಸಿಸ್ ಹಾಯುವುದರಿಂದ ತಳ ಸಪಾಟಾಗಿರುವುದಿಲ್ಲ, ಎರಡೂ ಪಕ್ಕಕ್ಕೆ ಇಳಿಬಿದ್ದಿರುತ್ತದೆ. ನನ್ನ ಗಾಡಿಯಲ್ಲಿ ಬುರುಡೆ ಮುಂಭಾಗಕ್ಕಿದೆ. ಓರೆ ಮಾಡಿದ ಕೊಡದ ನೀರಿನಂತೆ ಏರಿನಲ್ಲಿ ಪೆಟ್ರೋಲ್ ಹಿಂದಕ್ಕೆ ಸರಿಯುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ಬರುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿ ಕೀ ತಿರುಗಿಸಿದರೂ ತಪ್ಪು ಲೆಕ್ಕವೇ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕೋಪ ಬರುವುದು ಮುಂದಿನದಕ್ಕೆ. ಇನ್ನೆಷ್ಟು ಕಿಲೋಮೀಟರ್ ಓಡುತ್ತದೆ ಅಂತ ಮೀಟರ್ ಯಾವಾಗಲೂ ತೋರಿಸುತ್ತಿರುತ್ತದೆ. ಟ್ಯಾಂಕ್ ತುಂಬಿದ್ದಾಗ ಆ ಸಂಖ್ಯೆ ಯಾರಿಗೆ ಬೇಕು? ಕೆಳಗೆ ಬಂದಾಗ ಬೇಕು. ಆದರೆ ದೀಪ ಹತ್ತಿದ ತಕ್ಷಣ ಆ ಸಂಖ್ಯೆ ಮಾಯ. ಅದರ ಜಾಗದಲ್ಲಿ ಮೂರು ಅಡ್ಡಗೆರೆ.

ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. "ಸಾರ್, ಅದು ನಾರ್ಮಲ್. ದೀಪ ಹತ್ತಿದ್ರೆ ಬಂಕ್‌ಗೆ ಹೋಗ್ಬಿಡಿ" ಅಂದರು.

"ಚಾರ್ಮಾಡಿ ಘಾಟಿ ಮಧ್ಯೆ ಯಾವ ಬಂಕ್‌ಗೆ ಹೋಗ್ಲಿ ಹೇಳಿ?" ಅಂದೆ. ಉತ್ತರ ಬರಲಿಲ್ಲ.

ಕೊನೆಗೆ ನಾನೇ ಅಳೆದೆ. ಸಮ ರಸ್ತೆಯಲ್ಲಿ ದೀಪ ಹತ್ತಿ ಆರದೆ ನಿಂತ ಮೇಲೆ ಮನೆಗೆ ತಂದು, ಟ್ಯಾಂಕ್ ಬಿಚ್ಚಿ, ಲೀಟರ್ ಅಳತೆಯಲ್ಲಿ ಸುರಿದು ನೋಡಿದೆ. ಮೂರು ಲೀಟರಿಗಿಂತ ಒಂದು ಲೋಟ ಜಾಸ್ತಿಯೇ ಇತ್ತು. ಲೀಟರಿಗೆ 36 ಕಿಲೋಮೀಟರ್ ಅಂದರೂ ನೂರು ಕಿಲೋಮೀಟರ್ ದಾಟುತ್ತದೆ. ಚಿಕ್ಕಮಗಳೂರಿಂದ ಹಾಸನಕ್ಕೆ ಸುಮಾರು 60 ಕಿಲೋಮೀಟರ್, ನೋಡಿಕೊಳ್ಳಿ. ಅಷ್ಟು ದೂರ ಆರಾಮಾಗಿ ಹೋಗುವಷ್ಟು ಪೆಟ್ರೋಲನ್ನು ಈ ಮೀಟರ್ ಮೂರು ಗೆರೆಯ ಹಿಂದೆ ಮುಚ್ಚಿಡುತ್ತದೆ.

ಕಾರ್ಬ್ಯುರೇಟರ್ ಕಾಲದ ರಿಸರ್ವ್ ನಾಬ್ ಹೀಗಿರಲಿಲ್ಲ. ಟ್ಯಾಂಕ್ ಒಳಗೆ ಒಂದು ಎತ್ತರದ ಕೊಳವೆ, ತಳದಲ್ಲಿ ಇನ್ನೊಂದು ತೂತು. ಪೆಟ್ರೋಲ್ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಎಂಜಿನ್ ಮುಗ್ಗರಿಸುತ್ತಿತ್ತು. ಎಡಗೈ ಕೆಳಗೆ ಹೋಗಿ ನಾಬ್ ತಿರುಗಿಸುತ್ತಿತ್ತು. ಇನ್ನು ಎಷ್ಟಿದೆ ಅನ್ನುವುದು ಓಡಿಸುವವನಿಗೆ ಅಂದಾಜಿತ್ತು. ಈಗ ಇಂಜೆಕ್ಷನ್ ಗಾಡಿ, ಪಂಪಿನ ಒತ್ತಡದಲ್ಲಿ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವಂಥದ್ದು. ಟ್ಯಾಂಕ್ ಒಳಗೇ ಪಂಪ್ ಇರುವುದರಿಂದ ಆ ನಾಬ್‌ಗೆ ಜಾಗವಿಲ್ಲ, ಒಪ್ಪುತ್ತೇನೆ. ಅದೂ ಅಲ್ಲದೆ ಈ ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದಲೇ. ಹಾಗಾಗಿ ಯಾವಾಗಲೂ ತಳ ಕಾಣುವವರೆಗೆ ಓಡಿಸುವುದು ಒಳ್ಳೆಯದಲ್ಲ. ಕಂಪನಿಯವರು ದೀಪವನ್ನು ಬೇಗ ಹತ್ತಿಸುವುದು ಅರ್ಥವಾಗುತ್ತದೆ. ಸಂಖ್ಯೆ ಮುಚ್ಚಿಡುವುದು ಅರ್ಥವಾಗುವುದಿಲ್ಲ.

ಮೀಟರ್ ಮೇಲೆ ನಂಬಿಕೆ ಹೋದ ಮೇಲೆ ಒಂದು ಚಿಕ್ಕ ನೋಟ್‌ಬುಕ್ ಟೂಲ್ ಬಾಕ್ಸಿಗೆ ಬಂತು. ಪ್ರತಿ ಸಲ ಫುಲ್ ಟ್ಯಾಂಕ್, ಟ್ರಿಪ್ ಮೀಟರ್ (ಓಡಿದ ದೂರದ ಎಣಿಕೆ) ಸೊನ್ನೆ. ಮುಂದಿನ ಫುಲ್ ಟ್ಯಾಂಕ್‌ಗೆ ಎಷ್ಟು ಲೀಟರ್ ಹಿಡಿಯಿತೋ ಅಷ್ಟರಿಂದ ಕಿಲೋಮೀಟರನ್ನು ಭಾಗಿಸುವುದು. ಡಬಲ್ ಸ್ಟ್ಯಾಂಡ್ ಹಾಕಿ, ಸಾಧ್ಯವಾದರೆ ಒಂದೇ ಬಂಕಿನಲ್ಲಿ ಹಾಕಿಸುತ್ತೇನೆ. "ಅಣ್ಣಾ, ಕಟ್ ಆಫ್ ಆದ್ಮೇಲೆ ಹಾಕ್ಲಾ?" ಅಂತ ಬಂಕಿನ ಹುಡುಗ ಕೇಳುತ್ತಾನೆ. ಬೇಡ ಅನ್ನುತ್ತೇನೆ. ಕತ್ತಿನವರೆಗೆ ತುಂಬಿಸಿದರೆ ಬಿಸಿಲಿಗೆ ಹಿಗ್ಗಿ ಚೆಲ್ಲುತ್ತದೆ, ಲೆಕ್ಕವೂ ಕೆಡುತ್ತದೆ.

ಗಾಡಿ ಮೇಲಿನ ಸಿಟ್ಟು ಇಳಿಯಿತು ಅಂದರೆ ಈ ನೋಟ್‌ಬುಕ್‌ನಿಂದಲೇ. ಬೇಲೂರು ಮೇಲೆ ಹಾಸನಕ್ಕೆ 60ರ ವೇಗದಲ್ಲಿ ಹೋಗಿ ಬಂದರೆ ಲೀಟರಿಗೆ 40 ಕಿಲೋಮೀಟರಿಗೆ ಹತ್ತಿರ. ತೋಟದ ಮಣ್ಣು ರಸ್ತೆ, ಟೂಲ್ ಬಾಕ್ಸ್ ಭಾರ, ಒಂದು ಎರಡನೇ ಗೇರು ಅಂದರೆ 30. ಎಲ್ಲ ಸೇರಿದರೆ 36. ಈ ತೂಕದ ಗಾಡಿಗೆ ಇದು ನಿಜವಾಗಿಯೂ ಚೆನ್ನಾಗಿದೆ.

ಖುಷಿ ಕೊಟ್ಟದ್ದು ಘಾಟಿ ರಸ್ತೆ. ಅಲ್ಲಿ ಮೈಲೇಜ್ ಪೂರ್ತಿ ಮುಳುಗುತ್ತದೆ ಅಂದುಕೊಳ್ಳುತ್ತಾರೆ ಅಲ್ವಾ? ಇಳಿಯುವಾಗ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಸುವವರನ್ನು ಚಾರ್ಮಾಡಿಯಲ್ಲಿ ಇವತ್ತಿಗೂ ನೋಡುತ್ತೇನೆ. ಇಂಜೆಕ್ಷನ್ ಗಾಡಿಯಲ್ಲಿ ಅದರಿಂದ ನಷ್ಟವೇ. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಲ್ಲದೆ ಓಡಲು ಪೆಟ್ರೋಲ್ ಬೇಕು. ಅದರ ಮೇಲೆ ಎಂಜಿನ್ ಹಿಡಿತ ಹೋಗಿ, ಬ್ರೇಕ್ ಬಿಸಿಯಾಗಿ, ಮಳೆಯಲ್ಲಿ ಜೀವಕ್ಕೇ ಅಪಾಯ. ದಯವಿಟ್ಟು ಹಾಗೆ ಮಾಡಬೇಡಿ.

ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆಯೂ ನೋಟ್‌ಬುಕ್‌ನಲ್ಲಿ ಸಾಕ್ಷಿ ಇದೆ. ಮೊದಲು ಸರಾಸರಿ 38 ಬರುತ್ತಿತ್ತು, ಈಗ 36. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ನೀತಿ ಆಯೋಗದ 2021ರ ವರದಿಯೇ ಹಳೆಯ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ 3ರಿಂದ 4 ಶೇಕಡಾ ಇಳಿಯಬಹುದು ಅಂದಿತ್ತು. ನನಗೆ ಸ್ವಲ್ಪ ಜಾಸ್ತಿಯೇ ಇಳಿದಿದೆ. ಬೆಲೆಯೇನೂ ಇಳಿಯಲಿಲ್ಲ, ಆ ಬೇಜಾರು ಇದ್ದೇ ಇದೆ.

ಮಳೆಗಾಲದಲ್ಲಿ ಇನ್ನೊಂದು ಜಾಗ್ರತೆ ಬೇಕು. ಟ್ಯಾಂಕ್ ಮುಚ್ಚಳ ತೆಗೆದರೆ ಪಕ್ಕದಲ್ಲಿ ನೀರು ಹರಿದುಹೋಗುವ ಸಣ್ಣ ತೂತು ಕಾಣುತ್ತದೆ. ತೋಟದಲ್ಲಿ ಸಿಲ್ವರ್ ಓಕ್ ಕೆಳಗೆ ಗಾಡಿ ನಿಲ್ಲಿಸುವವರಿಗೆ ಎಲೆಚೂರು ಸಿಕ್ಕಿ ಅದು ಕಟ್ಟುತ್ತದೆ. ಆಗ ನಿಂತ ನೀರು ಟ್ಯಾಂಕ್ ಒಳಗೆ ಇಳಿಯುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಜಾಸ್ತಿಯಾದರೆ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತದೆ. ಪಂಪ್ ಎಳೆಯುವುದು ತಳದಿಂದಲೇ. ಜೂನ್‌ಗೆ ಮೊದಲು ತೆಳು ತಂತಿ ಹಾಕಿ ಆ ತೂತು ಬಿಡಿಸಿಕೊಳ್ಳಿ.

ಗಾಡಿ ಮಾರುವ ಯೋಚನೆ ಇಲ್ಲ. ಎಂಜಿನ್‌ಗೆ ಪೂರ್ತಿ ಅಂಕ, ಮೀಟರ್‌ಗೆ ಅರ್ಧ. ಟ್ರಿಪ್‌ನಲ್ಲಿ 340 ಕಂಡ ಕೂಡಲೇ ಹಾಕಿಸುತ್ತೇನೆ, ದೀಪದ ಮುಖ ನೋಡುವುದಿಲ್ಲ. ತೋಟದ ಕೆಲಸ ಜಾಸ್ತಿಯಿದ್ದ ವಾರ 280ಕ್ಕೇ.

ಕೆಲವು ಗಾಡಿಗಳಲ್ಲಿ ದೀಪ ಹತ್ತಿದ ಕ್ಷಣದಿಂದ ಟ್ರಿಪ್ ಎಫ್ ಅಂತ ಬೇರೆಯೇ ಎಣಿಕೆ ತಾನಾಗಿ ಶುರುವಾಗುತ್ತದೆ. ದೀಪ ಹತ್ತಿ ಎಷ್ಟು ದೂರ ಬಂದಿದ್ದೀರಿ ಅಂತ ಅದು ಹೇಳುತ್ತದೆ. ನಮ್ಮ ಕಡೆಯವರು ಹೊಸ ಗಾಡಿ ನೋಡಲು ಹೋದರೆ ಬಣ್ಣ, ಬ್ಲೂಟೂತ್ ಆಮೇಲೆ ಕೇಳಿ. ಟ್ರಿಪ್ ಎಫ್ ಇದೆಯಾ ಅಂತ ಮೊದಲು ಕೇಳಿ.