ಕಪ್ಪು ಲೋಟಸ್ ಮತ್ತು ಎರಡು ಪುಟ್ಟ ಬಾಟಲಿ

ಮಾದರಿ ಕಾರುಗಳ ಮೇಲೆ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಕೂರಿಸಲು ಬಳಸುವ ಎರಡು ದ್ರಾವಣಗಳಾದ ಮೈಕ್ರೋ ಸೆಟ್, ಮೈಕ್ರೋ ಸಾಲ್ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು. ಒಂದು ಕಾರು ಪೂರ್ತಿ ಮುಗಿಯಲಿ ಅಂತ ಸುಮ್ನಿದ್ದೆ. ಈಗ ತಮಿಯಾ ಕಂಪನಿಯ ಕಿಟ್, 1/20 ಅಳತೆಯ ಲೋಟಸ್ 79 ಮುಗಿದಿದೆ. 1978ರಲ್ಲಿ ಮಾರಿಯೊ ಆಂಡ್ರೆಟ್ಟಿಯನ್ನು ಫಾರ್ಮುಲಾ 1 ರೇಸಿಂಗ್ ಚಾಂಪಿಯನ್ ಮಾಡಿದ ಕಾರು ಅದು. ಮೈಯೆಲ್ಲಾ ಕಪ್ಪು, ಅಂಚಿನುದ್ದಕ್ಕೂ ಕೂದಲೆಳೆಯಂಥ ಚಿನ್ನದ ಗೆರೆ. ಕಪ್ಪಿನ ಮೇಲೆ ಏನೂ ಮುಚ್ಚಿಡಲಾಗುವುದಿಲ್ಲ, ಡೆಕಾಲ್ ಕೆಳಗೆ ಚೂರು ಗಾಳಿ ಉಳಿದರೂ ಬೆಳ್ಳಗೆ ಮಿಂಚುತ್ತದೆ.

ನೀಲಿ ಲೇಬಲ್‌ನದು ಸೆಟ್. ಡೆಕಾಲ್ ಕೂರಿಸುವ ಜಾಗಕ್ಕೆ ಮೊದಲು ಇದನ್ನು ಸವರಬೇಕು. ವಿನೆಗರ್ ವಾಸನೆ ಬರುತ್ತದೆ, ಹೆದರಬೇಡಿ. ಡೆಕಾಲ್ ಆರಾಮಾಗಿ ಜಾರುತ್ತದೆ, ಗೆರೆ ನೇರ ಮಾಡಿಕೊಳ್ಳಲು ಸಮಯ ಸಿಗುತ್ತದೆ, ಆಮೇಲೆ ಹತ್ತಿ ಕಡ್ಡಿಯಿಂದ ನಡುವಿನಿಂದ ಅಂಚಿಗೆ ಮೆತ್ತಗೆ ಒತ್ತಿ ನೀರು ತೆಗೆದರಾಯಿತು.

ಕೆಂಪು ಲೇಬಲ್‌ನ ಸಾಲ್ ಇದೆಯಲ್ಲ, ಅದರದ್ದೇ ನಿಜವಾದ ಕೆಲಸ. ಮೇಲೆ ಸವರಿದ ಸ್ವಲ್ಪ ಹೊತ್ತಿಗೆ ಡೆಕಾಲ್ ಮುದುಡಿ, ಸುಕ್ಕು ಸುಕ್ಕಾಗಿ, ಹಾಳಾಗೇ ಹೋಯ್ತು ಅನ್ನುವ ಹಾಗೆ ಕಾಣುತ್ತದೆ. ಆಗ ಮುಟ್ಟಲೇಬಾರದು. ನಾನು ಒಂದು ಕಡೆ ತಡೆಯಲಾರದೆ ಬ್ರಷ್ ತುದಿಯಿಂದ ಸರಿಮಾಡಲು ಹೋದೆ, ಚಿನ್ನದ ಗೆರೆ ರಬ್ಬರಿನ ಹಾಗೆ ಹಿಗ್ಗಿ ತುಂಡಾಯಿತು. ಮುಟ್ಟದೆ ಬಿಟ್ಟ ಕಡೆಯೆಲ್ಲ ಒಣಗುತ್ತಾ ತಾನಾಗೇ ಬಿಗಿಯಾಗಿ ಕೂತಿತು. ಕಾರಿನ 5ನೇ ನಂಬರಿನ ಡೆಕಾಲ್ ಕೆಳಗಿದ್ದ ಪ್ಯಾನೆಲ್ ಗೆರೆ (ಬಾಡಿಯ ಭಾಗಗಳು ಸೇರುವ ಗೆರೆ) ಎದ್ದು ಕಂಡಾಗ ಎಷ್ಟು ಖುಷಿಯಾಯಿತೆಂದರೆ, ದೀಪ ಹತ್ತಿರ ತಂದು ಮತ್ತೆ ಮತ್ತೆ ನೋಡಿದೆ.

ಎಲ್ಲಾ ಡೆಕಾಲ್‌ಗೂ ಇದು ಸಾಲುವುದಿಲ್ಲ ಅನ್ನುವುದನ್ನೂ ಹೇಳಬೇಕು. ಈ ಕಾರಿನ ಪ್ರಾಯೋಜಕ ಸಿಗರೇಟು ಕಂಪನಿಯ ಅಕ್ಷರಗಳಿಗೆ ಬೇರೆ ಕಡೆಯ ಶೀಟ್ ತರಿಸಿದ್ದೆ. ಅದರ ಪೊರೆ ದಪ್ಪ, ಮೂರು ಸಲ ಸಾಲ್ ಹಾಕಿದರೂ ತಿರುವಿನಲ್ಲಿ ಅಂಚು ಎದ್ದೇ ಇತ್ತು. ಅಂಥದ್ದಕ್ಕೆ ಇನ್ನೂ ಖಾರವಾದ ದ್ರಾವಣ ಬೇಕು. ಯಾವುದೇ ಇರಲಿ, ಶೀಟ್‌ನಲ್ಲಿ ಬೇಡದ ಒಂದು ತುಂಡಿನ ಮೇಲೆ ಮೊದಲು ಪರೀಕ್ಷೆ ಮಾಡಿ.

ಇನ್ನೊಂದು, ಬಣ್ಣ ಮ್ಯಾಟ್ ಆಗಿದ್ದರೆ ಈ ಬಾಟಲಿಗಳಿಂದ ಜಾಸ್ತಿ ನಿರೀಕ್ಷಿಸಬೇಡಿ. ಒರಟು ಮೈಯ ಸಣ್ಣ ಸಣ್ಣ ಗುಂಡಿಗಳಲ್ಲೇ ಗಾಳಿ ಸಿಕ್ಕಿಕೊಳ್ಳುವುದು. ಮೊದಲು ಹೊಳಪಿನ (ಗ್ಲಾಸಿ) ಕೋಟ್ ಹಾಕಿ, ಚೆನ್ನಾಗಿ ಒಣಗಿಸಿ, ಆಮೇಲೆ ಡೆಕಾಲ್. ಕೊನೆಯ ಕ್ಲಿಯರ್ ಲ್ಯಾಕರ್ ಸ್ಪ್ರೇ ಆದರೆ ಮೊದಲ ಎರಡು ಸುತ್ತು ಮಂಜಿನ ಹಾಗೆ ತೆಳ್ಳಗಿರಲಿ, ಒಮ್ಮೆಲೇ ಸುರಿದರೆ ಅಷ್ಟು ಕಷ್ಟಪಟ್ಟು ಕೂರಿಸಿದ ಗೆರೆಗಳೆಲ್ಲ ಸುಕ್ಕಾಗುತ್ತವೆ.

ಎರಡನ್ನೂ ಒಟ್ಟಿಗೇ ತಗೊಳ್ಳಿ. ಒಂದೇ ಸಾಕು ಅಂದರೆ ಸಾಲ್ ತಗೊಳ್ಳಿ, ಸೆಟ್ ಬದಲು ನೀರಿನಲ್ಲೇ ಹೇಗೋ ನಿಭಾಯಿಸಬಹುದು.