ಆರು ವರ್ಷ ಎಫ್‌ಎಎಲ್ ರೈಫಲ್ ಬಳಸಿದ ಮೇಲೆ: ಆ ಗ್ಯಾಸ್ ರಿಂಗ್ ಬಗ್ಗೆ ಹೇಳ್ಲೇಬೇಕು

ನಾನಿರೋದು ಟೆಕ್ಸಸ್‌ನಲ್ಲಿ. ಎಫ್‌ಎಎಲ್ ಅಂದ್ರೆ ಬೆಲ್ಜಿಯಂ ವಿನ್ಯಾಸದ ಹಳೇ ಸೈನ್ಯದ ರೈಫಲ್. ನನ್ನದು ಹಳೇ ಪಾರ್ಟ್ಸ್ ಕಿಟ್‌ನಿಂದ (ಬಿಚ್ಚಿದ ಹಳೇ ರೈಫಲ್‌ನ ಭಾಗಗಳು) ಜೋಡಿಸಿದ ಸೆಮಿ ಆಟೋಮ್ಯಾಟಿಕ್, ಅಂದ್ರೆ ಟ್ರಿಗರ್ ಒಂದ್ಸಲ ಎಳೆದ್ರೆ ಒಂದೇ ಗುಂಡು. ಊರಿನ ಫ್ರೆಂಡ್ಸ್ ಆಗಾಗ ಕೇಳ್ತಾರೆ, ಇದನ್ನ ನಮ್ಮಲ್ಲೂ ತಗೋಬಹುದಾ ಅಂತ. ಇಂಡಿಯಾದಲ್ಲಿ ಇಂಥ ಸೆಮಿ ಆಟೋಮ್ಯಾಟಿಕ್ ರೈಫಲ್ ಸಾಮಾನ್ಯ ಜನಕ್ಕೆ ನಿಷೇಧ, ಆಸೆ ಇಟ್ಕೋಬೇಡಿ. ತೂಕ, ಉದ್ದ ಎಲ್ಲಾ ಎಲ್ಲಿ ಬೇಕಾದ್ರೂ ಸಿಗತ್ತೆ, ಅದನ್ನ ಬಿಡ್ತೀನಿ.

ಮೊದಲ ಎರಡು ವರ್ಷ ಇದನ್ನ ಮಾರಿಬಿಡೋಣ ಅಂತಲೇ ಇದ್ದೆ. ಇಪ್ಪತ್ತು ರೌಂಡ್ ಹೊಡೆಯೋಷ್ಟರಲ್ಲಿ ಭುಜ ನೀಲಿಗಟ್ಟೋದು, ಖಾಲಿ ಕೇಸ್‌ಗಳು (ಗುಂಡು ಹೋದ ಮೇಲೆ ಉಳಿಯೋ ಚಿಪ್ಪು) ಜಜ್ಜಿಹೋಗಿ ಶೂಟಿಂಗ್ ರೇಂಜ್‌ನಲ್ಲಿ ಪಕ್ಕದ ಲೇನ್ ದಾಟಿ ಎಲ್ಲೋ ಹೋಗಿ ಬೀಳೋವು, ಪಕ್ಕದವರ ಹತ್ರ ಪ್ರತಿ ಸಲ ಸಾರಿ ಕೇಳ್ಬೇಕು. ಮಾರಿದ ಅಂಗಡಿಯವ್ರು ಸೆಟ್ಟಿಂಗ್ ಎಲ್ಲಾ ಸರಿ ಇದೆ, ಮುಟ್ಟಬೇಡಿ ಅಂದಿದ್ರು. ಆದ್ರೂ ಒದೆತ ಕಮ್ಮಿ ಆಗ್ಲಿ ಅಂತ ನಾನೇ ಗ್ಯಾಸ್ ರೆಗ್ಯುಲೇಟರನ್ನ (ತಿರುಗಿಸಿ ಗ್ಯಾಸ್ ಹೊಂದಿಸೋ ರಿಂಗ್) ಪೂರ್ತಿ ಮುಚ್ಚಿದ್ದೆ. ಗ್ಯಾಸ್ ರೆಗ್ಯುಲೇಟರ್ ಅಂದ್ರೆ ನಮ್ಮ ತಲೇಲಿ ಇರೋದು ಅಡುಗೆಮನೆ ಸಿಲಿಂಡರ್‌ದು ತಾನೆ, ಮುಚ್ಚಿದ್ರೆ ಗ್ಯಾಸ್ ನಿಲ್ಲತ್ತೆ.

ಒಂದ್ ಭಾನುವಾರ ಅಪ್ಪಂಗೆ ಫೋನಲ್ಲಿ ಹೇಳ್ದೆ. ಅವ್ರು ಸೈನ್ಯದಲ್ಲಿದ್ದಾಗ ಇದೇ ಕುಲದ, ಬಂಗಾಳದ ಇಶಾಪುರ ಫ್ಯಾಕ್ಟರಿಯಲ್ಲಿ ಮಾಡಿದ 1ಎ1 ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಹೊತ್ತವರು. ಮೊದಲು ಕೇಳಿದ್ದೇ, "ಖೋಕಾ ಎಲ್ಲಿ ಬೀಳ್ತಿದೆ ಮಗಾ?" (ಖಾಲಿ ಕೇಸ್‌ಗೆ ಅವ್ರು ಖೋಕಾ ಅಂತಾರೆ.) ಆಮೇಲೆ, "ಗ್ಯಾಸ್ ಎಷ್ಟಕ್ಕಿಟ್ಟಿದೀಯ?" ಪೂರ್ತಿ ಮುಚ್ಚಿದೀನಿ ಅಪ್ಪ ಅಂದೆ. "ಅಯ್ಯೋ, ಅದು ಹೊರಗೆ ಹೋಗೋ ದಾರಿ ಕಣೋ, ಮುಚ್ಚಿದ್ರೆ ಪೂರಾ ಪಿಸ್ಟನ್‌ಗೇ ಬಡಿಯತ್ತೆ!"

ವಿಷಯ ಇಷ್ಟೇ. ಗುಂಡಿನ ಹಿಂದೆ ಬರೋ ಗ್ಯಾಸ್ ಬ್ಯಾರಲ್‌ನಲ್ಲಿರೋ ಸಣ್ಣ ತೂತಿಂದ ಮೇಲೆ ಬಂದು ಪಿಸ್ಟನ್ ತಳ್ಳತ್ತೆ, ಬೋಲ್ಟ್ (ಖಾಲಿ ಕೇಸ್ ಎಳೆದು ಹಾಕಿ ಮುಂದಿನ ರೌಂಡ್ ತುಂಬೋ ಭಾಗ) ಹಿಂದೆ ಹೋಗತ್ತೆ. ರಿಂಗ್ ತೆರೆದಷ್ಟೂ ಹೆಚ್ಚಿನ ಗ್ಯಾಸ್ ಹೊರಗೆ ಹೋಗಿಬಿಡತ್ತೆ, ಕುಕ್ಕರ್ ವಿಷಲ್ ಎತ್ತಿದ ಹಾಗೆ. ಅಂದ್ರೆ ತೆರೆದ್ರೆ ಕಮ್ಮಿ, ಮುಚ್ಚಿದ್ರೆ ಜಾಸ್ತಿ. ಎರಡು ವರ್ಷ ನಾನು ಪೂರ್ತಿ ಉಲ್ಟಾ ನಡೆಸಿದ್ದೆ.

ಮುಂದಿನ ವಾರ ರೇಂಜ್‌ಗೆ ಹೋಗಿ ಸರಿಯಾಗಿ ಮಾಡ್ದೆ. ರಿಂಗ್ ಪೂರ್ತಿ ತೆರೆದು, ಮ್ಯಾಗಜೀನ್‌ಗೆ ಒಂದೇ ರೌಂಡ್ ಹಾಕಿ ಹೊಡೆಯೋದು. ಬೋಲ್ಟ್ ಹಿಂದೆ ನಿಲ್ಲಲಿಲ್ಲ ಅಂದ್ರೆ ಒಂದ್ ಕ್ಲಿಕ್ ಮುಚ್ಚಿ ಮತ್ತೆ ಒಂದ್ ರೌಂಡ್. ಮೊದಲ ಕೆಲವು ಸಲ ಕೇಸ್ ಹೊರಗೇ ಬರಲ್ಲ, ಕೈಯಲ್ಲೇ ಎಳೀಬೇಕು, ತಾಳ್ಮೆ ಇರ್ಲಿ. ಖಾಲಿ ಮ್ಯಾಗಜೀನ್ ಮೇಲೆ ಬೋಲ್ಟ್ ಹಿಂದೆ ನಿಂತ ಜಾಗ ಸಿಕ್ಕಿದ ಮೇಲೆ ಐದು ಸಲ ಹೊಡೆದು ಖಾತ್ರಿ ಮಾಡ್ಕೊಂಡೆ, ಆಮೇಲೆ ಇನ್ನೆರಡು ಕ್ಲಿಕ್ ಮುಚ್ಚಿದೆ, ಮಸಿ ಕಟ್ಟಿದಾಗ್ಲೂ ಚಳಿಯಲ್ಲೂ ನಿಲ್ಲದೆ ನಡೀಲಿ ಅಂತ. ಒಟ್ಟು ಹದಿನೆಂಟು ರೌಂಡ್ ಹೋಯ್ತು. ಇಲ್ಲಿ ಒಂದ್ ರೌಂಡ್‌ಗೆ ಹತ್ತಿರ ಹತ್ತಿರ ಒಂದು ಡಾಲರ್, ನನ್ನ ಬಜೆಟ್‌ಗೆ ಅದು ಸಣ್ಣದಲ್ಲ, ಆದ್ರೂ ಇದಕ್ಕಿಂತ ಒಳ್ಳೆ ಖರ್ಚು ಈ ಹವ್ಯಾಸದಲ್ಲಿ ನಾನು ಮಾಡಿಲ್ಲ. ಅದೇ ರೈಫಲ್, ಆದ್ರೆ ಮೆತ್ತಗೆ ತಳ್ಳತ್ತೆ ಅಷ್ಟೆ, ಕೇಸ್‌ಗಳು ಏಳೆಂಟು ಅಡಿ ದೂರದಲ್ಲಿ ಒಂದೇ ಕಡೆ ಗುಡ್ಡೆ ಬೀಳ್ತವೆ.

ಈಗ ರೇಂಜಿಂದ ಬಂದು ಕಾಫಿ ಇಟ್ಕೊಂಡು ಕ್ಲೀನ್ ಮಾಡೋದೇ ಒಂದು ಖುಷಿ. ಗ್ಯಾಸ್ ಪ್ಲಗ್ (ಪಿಸ್ಟನ್ ಮುಂದಿನ ಮುಚ್ಚಳ) ಒತ್ತಿ ತಿರುಗಿಸಿದ್ರೆ ಪಿಸ್ಟನ್, ಸ್ಪ್ರಿಂಗ್ ಮುಂದಿಂದ ಈಚೆ ಬರತ್ತೆ. ಹಳೇ ಬನಿಯನ್ ಹರಿದ ಚಿಂದಿಯಲ್ಲಿ (ಅಪ್ಪನ ಪಲ್ಟನ್‌ನಲ್ಲೂ ಅದು ಚಿಂದಿನೇ) ಪಿಸ್ಟನ್ ಹೊಳೆಯೋ ತನಕ ಉಜ್ಜಿ ಒಣಗಿಸೇ ಹಾಕ್ತೀನಿ, ಅಲ್ಲಿ ಎಣ್ಣೆ ಬಿಟ್ರೆ ಸುಟ್ಟು ಮಸಿ ಆಗತ್ತೆ. ವಾಪಸ್ ಹಾಕೋವಾಗ ಪ್ಲಗ್‌ನ ಎ ಅಕ್ಷರ ಮೇಲೆ ಬರ್ಬೇಕು. ಒಂದ್ಸಲ ಜಿಆರ್ ಮೇಲೆ ಬಂದಿತ್ತು, ಅದು ರೈಫಲ್ ಗ್ರೆನೇಡ್‌ಗೆ (ರೈಫಲ್ ಮೂತಿಯಿಂದ ಹಾರಿಸೋ ಗ್ರೆನೇಡ್) ಅಂತ ಇರೋದು, ಗ್ಯಾಸ್ ಪೂರ್ತಿ ಬಂದ್, ಪ್ರತಿ ರೌಂಡ್‌ಗೂ ಕೈಯಲ್ಲೇ ಬೋಲ್ಟ್ ಎಳೀಬೇಕಾಯ್ತು.

ಬೇಜಾರು ಒಂದೇ ಉಳಿದಿರೋದು. ಮಸಿ ಕಟ್ಟಿದ್ರೆ ರಿಂಗ್ ಬೆರಳಿಗೆ ಬಗ್ಗಲ್ಲ, ಅದರದೇ ಸ್ಪ್ಯಾನರ್ ಬೇಕು, ಹೊಡೆದ ತಕ್ಷಣ ಮುಟ್ಟಿದ್ರೆ ಕೈ ಸುಡತ್ತೆ. ಅಂಕಿಗಳೂ ಸಣ್ಣವು, ನಾನು ಬಿಳಿ ಪೇಂಟ್‌ನಲ್ಲಿ ಒಂದು ಚುಕ್ಕೆ ಇಟ್ಕೊಂಡಿದೀನಿ. ರೌಂಡ್‌ಗಳ ಬ್ರ್ಯಾಂಡ್ ಬದಲಾಯಿಸಿದ್ರೆ ಆ ಚುಕ್ಕೆ ನಂಬಬೇಡಿ, ಮತ್ತೆ ಪೂರ್ತಿ ತೆರೆದು ಒಂದೊಂದೇ ರೌಂಡ್‌ನಿಂದ ಶುರು ಮಾಡಿ.